ಕುರಿ ಮೇಯದ ಕಾಡು

ಅಂಗಳ ಅರ್ಧ ಸಾರಿಸಿ ಮುಗಿದಿತ್ತು. ಉಳಿದರ್ಧಕ್ಕೆಂದು ಸಗಣಿ ನೀರಿನಲ್ಲಿ ಕೈ ಅದ್ದುವಷ್ಟರಲ್ಲಿ ಬಾಗಿಲಿಗೆ ಜಟಕಾ ಬಂದು ನಿಂತಿತು. ಅದರಿಂದ ಮೊದಲು ಇಳಿದದ್ದು ಬಿಳಿ ಬಟ್ಟೆಯ ದೊಡ್ಡದೊಂದು ಗಂಟು. ಅದರ ಹಿಂದೆ, ಅದನ್ನು ತಬ್ಬಿಕೊಂಡು, ನಮ್ಮ ಮನೆಯವರು.

"ಯಂಕಮ್ಮ, ಕೈ ತಗಿ. ಇನ್ನ ಸಾರಿಸಬ್ಯಾಡ," ಎಂದರು.

"ಅರ್ಧ ಬಿಟ್ಟರ ಹೆಂಗ ಕಾಣ್ತದ್ರಿ?"

"ಹೆಂಗರ ಕಾಣಲಿ. ಇವತ್ತಿನಿಂದ ಐದು ವಾರ ಈ ಅಂಗಳದಾಗ ಒಂದು ಹನಿ ನೀರು ಬೀಳಂಗಿಲ್ಲ."

ರಾಯಚೂರಿನ ಬೇರೂನ್ ಕಿಲ್ಲಾ ಓಣಿಯಲ್ಲಿ ನಮ್ಮದು ಎರಡು ಖೋಲಿಯ ಮಾಳಿಗೆ ಮನೆ. ಅಂಗಳ ಮಾತ್ರ ದೊಡ್ಡದು, ನಮಗೂ ಪಕ್ಕದ ಅನ್ವರಿ ಬೇಗಂ ಅವರ ಮನೆಗೂ ಸೇರಿ ಒಂದೇ. ನಮ್ಮ ಮನೆಯವರು ಕನಕಪ್ಪ, ತೀನ್ ಕಂದೀಲ್ ಚೌಕದ ಹತ್ತಿರ ಅಂಗಡಿಗಳ ಬೋರ್ಡು, ಲಾರಿಗಳ ನಂಬರು ಬರೆಯುತ್ತಿದ್ದರು. ಹನ್ನೆರಡು ವರ್ಷದಿಂದ ಅದೇ ಕೆಲಸ. ಆದರೆ ಆ ಗಂಟು ಹೊತ್ತು ಬಂದ ಬೆಳಗ್ಗೆ ಅವರ ಮುಖ, ಹೊಸ ಅಂಗಿ ತೊಟ್ಟ ಹುಡುಗನ ಮುಖದ ಹಾಗಿತ್ತು.

ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿದ್ದ ಮಾವ ಜಂಬಣ್ಣ ಕೋಲಿನಿಂದ ಗಂಟನ್ನು ತಿವಿದರು. "ಅದೇನಲೇ, ಯಾರ ಮದುವಿ ಚಪ್ಪರ?"

"ಪರದಿ ಯಪ್ಪಾ. ದೇವದುರ್ಗದ ನಾಟಕದವರು ಮೂರು ಪರದಿ ಬರಿಯಾಕ ಹೇಳ್ಯಾರ. ಅರಮನಿ, ಬೀದಿ, ಕಾಡು."

"ಕಾಡು ನೀ ಎಲ್ಲಿ ನೋಡೀದಿ?"

"ಬರಕೋಂತ ಹೋದರ ಕಾಣ್ತದ."

ಮಾವ ಮಾನ್ವಿ ಕಡೆಯ ಕುರ್ಡಿಯಿಂದ ಬಂದು ಎಂಟು ದಿನವಾಗಿತ್ತು. ಬಂದದ್ದು ಮಗನನ್ನು ಕರೆದುಕೊಂಡು ಹೋಗಲಿಕ್ಕೆ. ಕುರಿ, ಆಡು ಸೇರಿ ಎಪ್ಪತ್ತರ ಹಿಂಡು ಅವರದು. ಮೊಣಕಾಲು ಹಿಡಿದುಕೊಂಡು ಅವರಿಗೆ ಹಿಂಡಿನ ಹಿಂದೆ ನಡೆಯಲು ಆಗುತ್ತಿರಲಿಲ್ಲ. ಅತ್ತೆ ಬೂದೆಮ್ಮ ಒಬ್ಬ ಆಳನ್ನು ಇಟ್ಟುಕೊಂಡು ಹೇಗೋ ತೂಗಿಸುತ್ತಿದ್ದರು. ಇರುವವನು ಒಬ್ಬನೇ ಮಗ. ಅವನು ಪಟ್ಟಣದಲ್ಲಿ ಲಾರಿಗೆ ನಂಬರು ಬರೆಯುವುದು ಮಾವನ ಲೆಕ್ಕದಲ್ಲಿ ಕೆಲಸವೇ ಅಲ್ಲ.

"ನಾಟಕ ಯಾವಾಗ?" ಎಂದು ಕೇಳಿದರು.

"ಸಂಕ್ರಾಂತಿ ಆಗಿ ಎಂಟು ದಿನಕ್ಕ."

ಮಾವ ಕೋಲಿನಿಂದ ನೆಲ ಗೀರಿದರು. "ಆತು. ಅಲ್ಲಿತನಕ ಇರ್ತೀನಿ. ನಿನ್ನ ಪರದಿ ನೋಡಿ ಜನ ನಕ್ಕರಂದ್ರ, ಮರುದಿನ ನನ್ನ ಕೂಡ ಕುರ್ಡಿಗೆ ಬಂದು ಹಿಂಡು ಹಿಡಿಬೇಕು. ನಗಲಿಲ್ಲಂದ್ರ ನಾ ಇನ್ನ ಈ ಮಾತು ಎತ್ತಂಗಿಲ್ಲ."

"ಆತು ಯಪ್ಪಾ."

ಮಗಳು ಹುಲಿಗಿ ಒಂದು ಜಡೆ ಹಾಕಿಸಿಕೊಂಡು ಇನ್ನೊಂದಕ್ಕೆ ಕಾಯುತ್ತಾ ಹೊಸ್ತಿಲಲ್ಲಿ ನಿಂತಿದ್ದಳು. ಒಂಬತ್ತು ವರ್ಷದ ಹುಡುಗಿ. ಬಾಯಿ ತೆರೆದದ್ದು ನೋಡಿ ಕೈ ಹಿಡಿದು ಒಳಗೆ ಎಳೆದೆ.

"ಯವ್ವಾ, ಅಪ್ಪ ಕುರ್ಡಿಗೆ ಹೋಗ್ತಾನೇನು?"

"ನನ್ನ ಕೇಳು, ತಾತನ್ನ ಕೇಳಬ್ಯಾಡ."

"ಯಾಕ?"

"ಕೇಳಿದರ ಅವರು ಹೂಂ ಅಂದುಬಿಡ್ತಾರ. ಒಮ್ಮೆ ಅಂದರ ಮುಗೀತು, ತಿರುಗಿ ತಗೊಳ್ಳಂಗಿಲ್ಲ."

ಅವಳು ಬಾಯಿಯೊಳಗೆ ಮಾತು ಇಟ್ಟುಕೊಂಡು ಶಾಲೆಗೆ ಹೋದಳು.

ಬಟ್ಟೆಯ ಅಗಲಗಳನ್ನು ಕೂಡಿಸಿ ಹೊಲಿದದ್ದು ಅನ್ವರಿಯ ಮಷೀನಿನಲ್ಲಿ. ಒಂದೊಂದು ಪರದೆ ಇಪ್ಪತ್ತು ಅಡಿ ಅಗಲ, ಹನ್ನೆರಡು ಅಡಿ ಎತ್ತರ. ಅವರು ಮಷೀನು ತುಳಿಯುವುದು, ನಾನು ಆ ಕಡೆ ಬಟ್ಟೆ ಹಿಡಿದು ಎಳೆಯುವುದು.

"ನಿನ್ನ ಗಂಡ ಇದರಾಗ ಅರಮನಿ ಕಟ್ಟತಾನ," ಎಂದರು ಅನ್ವರಿ. "ನಮಗ ಒಂದು ಖೋಲಿ ಕೊಡಾಕ ಹೇಳವಾ. ಮಳಿಗಾಲದಾಗ ನಮ್ಮ ಮಾಳಿಗಿ ಸೋರ್ತದ."

"ಬಟ್ಟೆ ಅರಮನಿನೂ ಸೋರ್ತದ ಬಿಡ್ರಿ."

ಬಟ್ಟೆಗೆ ಬಳಿಯುವ ಅಂಟಿಗೆ ಹುಣಸೆ ಬೀಜ. ಹುರಿದು, ಸಿಪ್ಪೆ ತೆಗೆದು, ಬೀಸಿ, ಆ ಹಿಟ್ಟನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಬೇಕು. ನಮ್ಮಲ್ಲಿ ದೊಡ್ಡ ಪಾತ್ರೆ ಎಂದರೆ ಅಂಬಲಿಯದೊಂದೇ. ಎರಡನೆಯ ದಿನ ಹೊಲಿಗೆಗೆ ಕೂತಾಗ ಮಾವ ಒಳಗೆ ಹೋಗಿ ತಾವೇ ಬಡಿಸಿಕೊಂಡು ಕುಡಿದು ಬಂದರು. ಮೀಸೆ ಒರೆಸಿಕೊಳ್ಳಲು ಹೋದ ಕೈ ಮೀಸೆಗೇ ಹತ್ತಿಕೊಂಡಿತು.

"ಅಂಬಲಿ ಇವತ್ತು ಗಟ್ಟಿ ಅದಲ್ಲವಾ."

ನಾನು ಹಿಡಿದ ಬಟ್ಟೆ ಬಿಟ್ಟು ಎದ್ದೆ. "ಮಾವ, ಎಷ್ಟು ಕುಡಿದ್ರಿ?"

"ಒಂದು ಗಂಗಾಳ. ಉಪ್ಪು ಮರೆತೀದಿ."

ಹುಲಿಗಿ ನಕ್ಕು ನಕ್ಕು ಬಟ್ಟೆಯ ಮೇಲೆಯೇ ಉರುಳಿದಳು. ಆ ದಿನವೆಲ್ಲ ಮಾವ ನಮಗೆ ಬೆನ್ನು ಹಾಕಿ ಕೂತರು. ಹೊಟ್ಟೆಗೆ ಏನೂ ಆಗಲಿಲ್ಲ ಎಂಬುದು ಸಂಜೆ ಎರಡು ರೊಟ್ಟಿ ಹೆಚ್ಚಿಗೆ ತಿಂದಾಗ ತಿಳಿಯಿತು.

ಅಂಟು ಬಳಿದು ಒಣಗಿಸಿದ ಬಟ್ಟೆ ಚರ್ಮದಂತೆ ಬಿಗಿಯಾಯಿತು. ಅದರ ಮೇಲೆ ಬಿಳಿ ಮಣ್ಣಿನ ಲೇಪ. ಆಮೇಲೆ ನೀಲಿಯಲ್ಲಿ ಅದ್ದಿದ ದಾರವನ್ನು ಈ ತುದಿಗೆ ನಾನು, ಆ ತುದಿಗೆ ಹುಲಿಗಿ ಎಳೆದು ಹಿಡಿಯುವುದು. ನಮ್ಮ ಮನೆಯವರು ನಡುವೆ ದಾರ ಎತ್ತಿ ಬಿಟ್ಟರೆ ಟಪ್ಪೆಂದು ಗೆರೆ ಬೀಳುತ್ತಿತ್ತು. ಗೆರೆಗೊಂದು ಕಂಬ ಎದ್ದಿತು. ಕಂಬಕ್ಕೆ ಕಮಾನು ಬಂತು. ಹತ್ತು ದಿನದಲ್ಲಿ ಅರಮನೆ ಮುಗಿಯಿತು. ಬೀದಿಗೆ ಎಂಟೇ ದಿನ ಸಾಕಾಯಿತು, ಏಕೆಂದರೆ ಅದರಲ್ಲಿ ಅಂಗಡಿಗಳಿದ್ದವು, ಅಂಗಡಿಗೆ ಬೋರ್ಡುಗಳಿದ್ದವು. ಬಣ್ಣ ಹಸಿಯಿದ್ದಾಗ ಕಪ್ಪಾಗಿ ಕಾಣುತ್ತದೆ, ಒಣಗಿದರೆ ತಿಳಿಯಾಗುತ್ತದೆ. ಹಾಗಾಗಿ ಪ್ರತಿ ಬೆಳಗ್ಗೆ ಎದ್ದ ಕೂಡಲೇ ನಾವೆಲ್ಲ ಅಂಗಳಕ್ಕೆ ಓಡಿ, ನಿನ್ನೆಯ ಬಣ್ಣ ಏನಾಗಿದೆ ಎಂದು ನೋಡುವುದೇ ಒಂದು ಹುರುಪು. ಹಲ್ಲುಪುಡಿ ಬಾಯಲ್ಲಿಟ್ಟುಕೊಂಡು ಓಣಿಯವರೂ ಬರುತ್ತಿದ್ದರು.

ಕಾಡು ಮಾತ್ರ ಬರಲಿಲ್ಲ.

ಇವರು ಎಲ್ಲಿಂದಲೋ ನಾಲ್ಕು ಕ್ಯಾಲೆಂಡರು ತಂದರು. ಹಿಮದ ಬೆಟ್ಟ, ಜಿಂಕೆ, ಸರೋವರ. ಇದ್ದಲಿನಲ್ಲಿ ಬರೆದರು, ಚಿಂದಿಯಿಂದ ಒರೆಸಿದರು, ಮತ್ತೆ ಬರೆದರು.

"ಇದೇನು, ಛತ್ರಿ ಬಿಚ್ಚಿ ನಿಲ್ಲಿಸೀದೇನು?" ಎಂದರು ಮಾವ.

"ಗಿಡ ಯಪ್ಪಾ."

"ಅದರ ಪಕ್ಕದಾಗಿನ ನಾಯಿ?"

"ಜಿಂಕಿ."

"ಕೋಡು ಬಂದ ನಾಯಿ."

ಇವರು ಇದ್ದಲು ಎಸೆದು ಹೊರಗೆ ಹೋದರು. ಆ ದಿನ ನಾನು ಮಾಡಿದ ಪುಂಡಿ ಪಲ್ಯ ಹಾಗೇ ಉಳಿಯಿತು. ಹುಲಿಗಿ ತಾತನ ಎದುರು ನಿಂತು, "ತಾತಾ, ಒಂದು ಕೇಳ್ಲೇನು?" ಎಂದಳು. "ಕೇಳು," ಎಂದರು ಅವರು. ನಾನು ಒಲೆಯ ಮುಂದಿನಿಂದ ತಿರುಗಿ ನೋಡಿದೆ. "ನೀರು ಬೇಕೇನು?" ಎಂದು ಕೇಳಿ ಅವಳು ಕೊಡದ ಕಡೆ ಹೋದಳು.

ಅನ್ವರಿಯ ಮಾವ ಗುಲಾಮ್ ದಸ್ತಗೀರ್ ಹಳೆಯ ಕಾಲದ ಪರದೆ ಕೆಲಸದವರು. ಕಣ್ಣಿಗೆ ಪೊರೆ ಬಂದು ಕುಂಚ ಬಿಟ್ಟಿದ್ದರು. ನಮ್ಮ ಮನೆಯವರಿಗೆ ಅಕ್ಷರ ತಿದ್ದಿಸಿದ ಗುರು ಅವರೇ. ಮರುದಿನ ಗೋಡೆ ಹಿಡಿದುಕೊಂಡು ಬಂದರು.

"ಕ್ಯಾಲೆಂಡರ್ ಹರಿದು ಒಲಿಗೆ ಹಾಕು ಬೇಟಾ. ಪರದಿ ಮಾಳಿಗಿಗೆ ತೂಗುಹಾಕಿ ನಿನ್ನ ಹೆಂಡತಿನ್ನ ಅದರ ಮುಂದ ನಿಲ್ಲಿಸು."

ನಾನು ಹಿಟ್ಟಿನ ಕೈಯಲ್ಲೇ ಹೋಗಿ ನಿಂತೆ.

"ತಲಿ ಎಲ್ಲಿಗೆ ಬಂತು?"

"ಜಿಂಕಿ ಕೋಡಿನ ಹತ್ತಿರ ಉಸ್ತಾದ್."

"ನಾಳೆ ನಾಟಕದಾಗ ರಾಣಿ ಅಲ್ಲಿ ನಿಂತರ ಆಕಿ ತಲಿಮ್ಯಾಲೆ ಕೋಡು ಮೂಡ್ತಾವ. ತಲಿ ಬರೋ ಜಾಗದಾಗ ಖಾಲಿ ಬಿಡು. ಹಿಂದಿಂದು ತಿಳಿ ಬಣ್ಣ, ಮುಂದಿಂದು ದಟ್ಟ. ಮತ್ತ, ನೋಡದ್ದನ್ನ ಬರಿಬ್ಯಾಡ. ಹೋಗಿ ಗಿಡ ನೋಡಿ ಬಾ."

"ಈ ಊರಾಗ ಗಿಡ ಎಲ್ಲಿ ಅದಾವ ಉಸ್ತಾದ್?"

"ಯರಗೇರಾ ಹಾದಿಗೆ ಹೋಗು. ನಿಮ್ಮಪ್ಪನ್ನ ಕರಕೊಂಡು ಹೋಗು. ಆತಗ ಒಂದೊಂದು ಗಿಡದ ಹೆಸರು ಗೊತ್ತದ."

ತಂದೆ ಮಗ ಇಬ್ಬರೂ ಬುತ್ತಿ ಕಟ್ಟಿಸಿಕೊಂಡು ಯರಗೇರಾ ಬಸ್ಸು ಹತ್ತಿದರು. ಹೋಗುವಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಸಂಜೆ ಬಂದಾಗ ಬಾಗಿಲಲ್ಲೇ ವಾದ ನಡೆದಿತ್ತು, ಬನ್ನಿ ಗಿಡದ ಬಾಗು ಎಡಕ್ಕೋ ಬಲಕ್ಕೋ ಎಂದು.

ಆಮೇಲೆ ಕೆಲಸ ಓಡಿತು. ಜಾಲಿ, ಬೇವು, ಬನ್ನಿ, ಗುಂಡುಗಲ್ಲಿನ ಗುಡ್ಡ. ಇವರು ಕಾಲಿಗೆ ಚಿಂದಿ ಸುತ್ತಿಕೊಂಡು ಬಟ್ಟೆಯ ಮೇಲೆಯೇ ನಡೆದು ಬರೆದರು. ಊಟಕ್ಕೆ ಕರೆದರೆ "ಈ ಕೊಂಬಿ ಮುಗಿಸಿ ಬರ್ತೀನಿ" ಎನ್ನುವರು, ಆಮೇಲೆ ಇನ್ನೊಂದು ಕೊಂಬೆ. ನಾನು ರೊಟ್ಟಿಯಲ್ಲಿ ಶೇಂಗಾ ಚಟ್ನಿ ಸುತ್ತಿ ಅವರ ಎಡಗೈಗೆ ಕೊಡುತ್ತಿದ್ದೆ. ಮುಗಿದ ಪರದೆಯನ್ನು ಮಾಳಿಗೆಯಿಂದ ಇಳಿಬಿಟ್ಟ ದಿನ ಮಾವ ಕಟ್ಟೆಯಿಂದ ಎದ್ದು, ಕೋಲೂರಿ, ಹತ್ತಿರ ಹೋಗಿ ನಿಂತರು.

"ಹೂಂ. ಇದು ಗಿಡ," ಎಂದರು.

ಇವರು ನನ್ನ ಕಡೆ ನೋಡಿದರು. ಹಿರಿಯರಿದ್ದಾರೆಂದು ನಾನು ಸೆರಗು ಬಾಯಿಗೆ ಹಿಡಿದೆ, ನಗು ಮಾತ್ರ ನಿಲ್ಲಲಿಲ್ಲ.

ಸಂಕ್ರಾಂತಿ ಆಗಿ ಮೂರನೇ ದಿನ ದೇವದುರ್ಗದಿಂದ ಉರುಕುಂದಪ್ಪ ಬಂದರು. ಕಿರಾಣಿ ಅಂಗಡಿಯವರು, ನಾಟಕದ ಸಂಘಕ್ಕೆ ಅವರೇ ಹಿರಿಯರು. ಅರಮನೆ ನೋಡಿ ತಲೆದೂಗಿದರು. ಬೀದಿ ನೋಡಿ, "ನಮ್ಮ ಅಂಗಡಿ ಹೆಸರೂ ಒಂದು ಬೋರ್ಡಿಗೆ ಬರಿಯಪ್ಪ," ಎಂದರು. ಕಾಡಿನ ಮುಂದೆ ಬಗ್ಗಿ ಗಿಡಗಳ ಬುಡ ನೋಡಿದರು. ಓಣಿಯ ಅರ್ಧ ಜನ ಹಿಂದೆ ನಿಂತಿತ್ತು.

"ಕನಕಪ್ಪ, ಕೈ ಚಲೋ ಅದ. ಆದರ ಈ ಗಿಡಕ್ಕ ಕೆಳಗ ಎಲಿ ಯಾಕಿಲ್ಲ?"

ಇವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಗಿಡಕ್ಕ ಕೆಳಗ ಎಲಿ ಎಲ್ಲಿರ್ತಾವ್ರಿ?"

"ಹೌದಲ್ಲ, ಎಲ್ಲಿರ್ತಾವ?" ಎಂದರು ಮಾವ. ನನಗೂ ಹಾಗೇ ಅನ್ನಿಸಿತು.

ಉರುಕುಂದಪ್ಪ ನಮ್ಮೆಲ್ಲರ ಮುಖ ನೋಡಿದರು. "ನಾ ಎರಡು ವರ್ಷ ದಾಂಡೇಲಿ ಕಡೆ ಕಟ್ಟಿಗಿ ಡಿಪೋದಾಗ ಇದ್ದೆ. ಕಾಡಂದ್ರ ನೆಲದಿಂದನೇ ಸೊಪ್ಪು. ಮೂರು ಮಾರು ಮುಂದ ಹೋದ ಮನುಷ್ಯಾ ಕಾಣಂಗಿಲ್ಲ. ನಮ್ಮ ನಾಟಕದಾಗ ರಾಣಿ ಸಿಪಾಯಿಗಳಿಗೆ ಹೆದರಿ ಕಾಡಿನ್ಯಾಗ ಅಡಗ್ತಾಳ. ಇಲ್ಲಿ ಎಲ್ಲಿ ಅಡಗ್ಯಾಳು? ಒಂದೊಂದು ಗಿಡದ ಬುಡ ಬೋಳು. ಕುರಿ ಹಿಂಡು ಮೇಯ್ದು ಹೋದಂಗ ಅದ."

ಹಿಂದೆ ಯಾರೋ ಕಿಸಕ್ಕೆಂದರು.

ಮಾವ ಪರದೆಯನ್ನೇ ನೋಡುತ್ತಿದ್ದರು. ಎಲ್ಲ ಗಿಡಗಳಿಗೂ ಒಂದೇ ಎತ್ತರದಿಂದ ಎಲೆ ಶುರುವಾಗಿತ್ತು, ದಾರ ಹಿಡಿದು ಕತ್ತರಿಸಿದ ಹಾಗೆ. "ಕುರಿ ಅಲ್ಲ," ಎಂದರು ಮೆಲ್ಲಗೆ. "ಆಡು. ಹಿಂಗಾಲ ಮ್ಯಾಲೆ ನಿಂತು ಮೇಯ್ದದ್ದು."

ಹುಟ್ಟಿದಾಗಿನಿಂದ ನಾವು ನೋಡಿದ ಒಂದೊಂದು ಗಿಡವೂ ಹಾಗೇ ಇತ್ತು. ಗಿಡ ಇರುವುದೇ ಹಾಗೆ ಎಂದುಕೊಂಡಿದ್ದೆವು.

"ಐದು ದಿನ ಅದಾವ. ಏನರ ಮಾಡು," ಎಂದು ಹೇಳಿ ಉರುಕುಂದಪ್ಪ ಹೋದರು.

ಮರುದಿನ ಬೆಳಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಇವರು ಗೋಡೆಗೆ ಒರಗಿ ಕೂತು ನೆಲ ನೋಡುತ್ತಿದ್ದರು. ಮಾವ ಬಿಸಿ ರೊಟ್ಟಿ ಮುರಿದು, ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು, "ಲೇ ಕನಕ್ಯಾ," ಎಂದರು. "ಮೊದಲು ಬಾರಿ ಹಣ್ಣಿನ ಮುಳ್ಳುಕಂಟಿ ಹಚ್ಚು."

"ಏನು?"

"ಆಡು ಮೊದಲು ಬಾಯಿ ಹಾಕೋದು ಬಾರಿ ಕಂಟಿಗೆ. ಆಮ್ಯಾಲೆ ಬನ್ನಿ ಚಿಗುರು, ಕವಳಿ ಕಂಟಿ. ಹಬ್ಬೋ ಬಳ್ಳಿ ಇದ್ದರಂತೂ ಬುಡ ಸಹಿತ ಹೋಗ್ತದ. ಅರವತ್ತು ವರ್ಷ ನಾ ಏನೇನು ಮೇಸೀನಿ ನನಗ ಗೊತ್ತದ. ಅದನ್ನೆಲ್ಲಾ ತಿರುಗಿ ಹಚ್ಚು."

ಇವರು ತಲೆ ಎತ್ತಿ ತಂದೆಯನ್ನು ನೋಡಿದರು. ಆಮೇಲೆ ಎದ್ದವರು ಮೂರು ದಿನ ಕೂರಲಿಲ್ಲ.

ಮಾವ ಪರದೆಯ ಅಂಚಿಗೆ ಕಂಬಳಿ ಹಾಸಿಕೊಂಡು ಕೂತು ಹೇಳುವುದು, ಇವರು ಗೆರೆ ಎಳೆಯುವುದು, ನಾವು ಎಲೆ ತುಂಬುವುದು. ಒಣಗಿದ ಹೀರೆಕಾಯಿ ನಾರನ್ನು ಹಸಿರಿನಲ್ಲಿ ಅದ್ದಿ ಒತ್ತಿದರೆ ಒಂದು ಪೊದೆಯ ಸೊಪ್ಪು ಒಮ್ಮೆಗೇ ಮೂಡುತ್ತಿತ್ತು. ಇದು ದಸ್ತಗೀರ್ ಸಾಹೇಬರು ಕಲಿಸಿದ್ದು. ಅನ್ವರಿ ಮಷೀನು ಮುಚ್ಚಿಟ್ಟು ಬಂದರು. ನನ್ನ ಸೀರೆ, ಹುಲಿಗಿಯ ಜಡೆ, ನೀರಿನ ಕೊಡ, ಎಲ್ಲಕ್ಕೂ ಹಸಿರು. ಎರಡು ದಿನ ಬರೀ ಮಂಡಾಳ ಒಗ್ಗರಣೆಯಲ್ಲೇ ಕಳೆದೆವು, ರೊಟ್ಟಿ ಎಲ್ಲಿ ಎಂದು ಯಾರೂ ಕೇಳಲಿಲ್ಲ.

"ಇಲ್ಲೊಂದು ತಂಗಡಿ ಹಚ್ಚು," ಎಂದರು ಮಾವ.

"ತಂಗಡಿ ಬ್ಯಾಡ ಯಪ್ಪಾ. ಹಳದಿ ಹೂವು ಎದ್ದು ಕಾಣ್ತದ."

"ಆಡು ಮುಟ್ಟದ ಗಿಡ ಅದೊಂದೇ. ತಂಗಡಿ ಇಲ್ಲದ್ದು ಎಂಥ ಅಡವಿ?"

"ಇದು ಆಡೇ ಇಲ್ಲದ ಕಾಡು."

"ಹಂಗಾದರ ನಾ ಯಾಕ ಕುಂತೀನಿ ಇಲ್ಲಿ?"

ದಸ್ತಗೀರ್ ಸಾಹೇಬರು ನಡುವೆ ಬಂದರು. "ಜಂಬಣ್ಣ, ನಿಮ್ಮ ತಂಗಡಿ ಮೂಲಿಗೆ ಇರಲಿ. ರಾಣಿ ಅಲ್ಲಿಗೆ ಹೋಗಂಗಿಲ್ಲ."

ಮೂಲೆಯಲ್ಲಿ ತಂಗಡಿ ಬಂತು. ಅದರ ಒಂದು ಹೂವನ್ನು ಮಾವ ತಾವೇ ಹೆಬ್ಬೆರಳಿನಿಂದ ಒತ್ತಿದರು. ಒತ್ತಿ, ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದರು. ನಾನು ಬಣ್ಣ ಕಲಸುವಂತೆ ತಲೆ ತಗ್ಗಿಸಿದೆ.

ನಾಟಕದ ದಿನ ಪರದೆಗಳನ್ನು ಬಿದಿರಿಗೆ ಸುತ್ತಿ ಲಾರಿಗೆ ಹಾಕಿ, ನಾವೆಲ್ಲ ಅದರಲ್ಲೇ ಕೂತು ದೇವದುರ್ಗಕ್ಕೆ ಹೋದೆವು. ಸಂಜೆ ಏಳಕ್ಕೆ ನಾಟಕದ ಗಂಟೆ ಬಾರಿಸಿದರು. ಹೆಂಗಸರ ಕಡೆ ನಾನು, ಅನ್ವರಿ, ನಡುವೆ ಹುಲಿಗಿ. ಮಾವ ಗಂಡಸರ ಕಡೆ ಮೊದಲ ಸಾಲಿನಲ್ಲಿ ಕಂಬಳಿ ಹೊದ್ದು ಕೂತಿದ್ದರು, ಪಕ್ಕದಲ್ಲಿ ದಸ್ತಗೀರ್ ಸಾಹೇಬರು. ಇವರು ವೇದಿಕೆಯ ಮೇಲೆ ಹಗ್ಗದ ಹತ್ತಿರ. ಅರಮನೆಗೆ ಜನ ಚಪ್ಪಾಳೆ ತಟ್ಟಿದರು. ಬೀದಿಯಲ್ಲಿ ತಮ್ಮ ಊರಿನ ಕಿರಾಣಿ ಅಂಗಡಿ ಕಂಡು ಸೀಟಿ ಹೊಡೆದರು. ಆಮೇಲೆ ರಾಣಿ ಅಳುತ್ತಾ ಓಡಿಹೋದಳು, ಕಾಡಿನ ಪರದೆ ಬಿತ್ತು.

ಗದ್ದಲ ನಿಂತಿತು. ಗ್ಯಾಸ್ ಬತ್ತಿಯ ಬೆಳಕಿಗೆ ಹಸಿರು ನಾವು ನೋಡಿದ್ದಕ್ಕಿಂತ ಆಳವಾಗಿ ಕಂಡಿತು. ನಾನು ಒತ್ತಿದ ಪೊದೆ ಯಾವುದು, ಅನ್ವರಿಯದು ಯಾವುದು ಎಂದು ಹುಡುಕಿದರೂ ಸಿಗಲಿಲ್ಲ. ರಾಣಿ ಆ ಸೊಪ್ಪಿನ ಮುಂದೆ ಕುಕ್ಕರಿಸಿ ಕೂತಳು, ಅವಳ ಹಸಿರು ಸೀರೆ ಅದರಲ್ಲಿ ಕರಗಿತು. ಸಿಪಾಯಿಗಳು ಅವಳ ಪಕ್ಕದಲ್ಲೇ ಹಾದುಹೋದರು. ನನ್ನ ಹಿಂದಿದ್ದ ಮುದುಕಿ, "ಏಳಬ್ಯಾಡವಾ, ಅಲ್ಲೇ ಕೂಡು," ಎಂದು ಪಿಸುಗುಟ್ಟಿದಳು.

ಅಷ್ಟರಲ್ಲಿ ಗಂಡಸರ ಕಡೆಯಿಂದ ಒಬ್ಬ ಕುರಿಗಾರ ಎದ್ದು ನಿಂತ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. "ಯಪ್ಪಾ ನಾಟಕದವರಾ," ಎಂದು ಕೂಗಿದ, "ನಿಮ್ಮ ಕೈ ಮುಗಿತೀನಿ. ಅರ್ಧ ತಾಸು ನನ್ನ ಹಿಂಡು ಈ ಕಾಡಿಗೆ ಬಿಡ್ರಪಾ. ಇಷ್ಟು ಸೊಪ್ಪು ನಾ ಹುಟ್ಟಿದಾಗಿಂದ ನೋಡಿಲ್ಲ."

ಇಡೀ ಚಪ್ಪರ ನಕ್ಕಿತು. ಅಡಗಿ ಕೂತ ರಾಣಿಯೂ ನಕ್ಕಳು, ಸಿಪಾಯಿಗಳೂ ನಕ್ಕರು. ನಗು ಇಳಿಯುವ ಮೊದಲೇ ಯಾರೋ "ಒನ್ಸ್ ಮೋರ್" ಎಂದರು. ಹಾಡಿಗೆ ಒನ್ಸ್ ಮೋರ್ ಕೇಳಿದ್ದೆ, ಪರದೆಗೆ ಕೇಳಿದ್ದು ಅದೇ ಮೊದಲು. ಉರುಕುಂದಪ್ಪ ಕೈ ಬೀಸಿದರು. ಇವರು ಹಗ್ಗ ಎಳೆದು ಕಾಡನ್ನು ಮೇಲಕ್ಕೆತ್ತಿ ಮತ್ತೆ ಬಿಟ್ಟರು. ಜನ ಮತ್ತೆ ನಕ್ಕು, ಚಪ್ಪಾಳೆ ಹೊಡೆದರು. ಅನ್ವರಿ ನನ್ನ ಕೈ ಹಿಡಿದು ಹಿಂಡಿದರು.

ಹುಲಿಗಿ ಮಾತ್ರ ನಗಲಿಲ್ಲ. "ಯವ್ವಾ, ಎಲ್ಲಾರೂ ನಗಾಕತ್ಯಾರ," ಎಂದಳು. ಅವಳ ಕಣ್ಣು ತಾತನ ಕಡೆ ಇತ್ತು. ನಾನೂ ನೋಡಿದೆ. ಮಾವ ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡಿದ್ದರು. ಮುಖ ಕಾಣಲಿಲ್ಲ.

ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಮಿರ್ಚಿ ಮಂಡಾಳು ತಿಂದೆವು. ದಸ್ತಗೀರ್ ಸಾಹೇಬರು ಮಾತ್ರ ಮಾತಾಡುತ್ತಿದ್ದರು, ಉಳಿದವರು ಹೂಂ ಎನ್ನುತ್ತಿದ್ದೆವು. ಕುರಿಗಾರನ ಮಾತನ್ನು ಮಾವನ ಮುಂದೆ ಯಾರೂ ಎತ್ತಲಿಲ್ಲ. ಜನ ನಕ್ಕರೆ ಕುರ್ಡಿಗೆ ಎಂದು ಮಾತಾಗಿತ್ತು; ಆ ನಗುವನ್ನು ಅವರು ಹಂಗಿಸಿದ ನಗು ಎಂದು ಹಿಡಿದಿದ್ದಾರೋ ಮೆಚ್ಚಿದ ನಗು ಎಂದೋ ಯಾರಿಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯ ಇವರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ರಾಯಚೂರಿನ ಬಸ್ಸು ಬಂದು ನಿಂತಿತು. ಅದರ ಹಿಂದೆಯೇ ಕುರ್ಡಿ ಕಡೆಗೆ ಹೋಗುವ ಮಾನ್ವಿಯದು. ಅನ್ವರಿ ಮೊದಲಿನದಕ್ಕೆ ಹತ್ತಿ ಕಿಟಕಿಯಿಂದ ಟವೆಲು ಹಾಸಿ ಸೀಟು ಹಿಡಿದರು. ಮಾವ ತಮ್ಮ ಗಂಟನ್ನು ಹೆಗಲಿಗೇರಿಸಿ ಎರಡು ಬಸ್ಸುಗಳ ನಡುವೆ ನಿಂತರು. ಇವರು ಒಂದು ಕೈಯಲ್ಲಿ ಕುಂಚದ ಡಬ್ಬಿ ಹಿಡಿದು, ಇನ್ನೊಂದು ಕೈಯನ್ನು ತಂದೆಯ ಗಂಟಿನ ಕಡೆಗೆ ಚಾಚಿ, ಮುಟ್ಟದೆ ನಿಂತರು. ಕಂಡಕ್ಟರು ಸೀಟಿ ಊದಿದ.

ಹುಲಿಗಿ ನನ್ನ ಕೈ ಬಿಡಿಸಿಕೊಂಡಳು. ನೇರ ಹೋಗಿ ತಾತನ ಧೋತರದ ಅಂಚು ಹಿಡಿದು, ಅವರ ಮುಖ ನೋಡುತ್ತಾ, ಎರಡೂ ಬಸ್ಸಿನ ಜನಕ್ಕೆ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು:

"ತಾತಾ, ನಮ್ಮಪ್ಪ ಯಾವ ಬಸ್ ಹತ್ತಬೇಕು?"